ಮನೆಯಲ್ಲಿ ಕಟ್ಟಿದ ಟರ್ಬೋ ಡೀಸೆಲ್ ಎಂಜಿನ್ನಿಗೆ ಬಳ್ಳಾರಿಯ ಪಂಪ್ ಲ್ಯಾಬ್ ಕೊಟ್ಟ ಸೇವೆ: ಒಂದು ವಿಮರ್ಶೆ

ಹಳೆಯ ಡೀಸೆಲ್ ಎಂಜಿನ್ನಿಗೆ ಟರ್ಬೋ ಕೂರಿಸುವುದು, ವೆಲ್ಡಿಂಗ್ ಚೆನ್ನಾಗಿ ಬಲ್ಲ ಒಬ್ಬ ಗೆಳೆಯನಿದ್ದರೆ, ಮನೆಯ ಅಂಗಳದಲ್ಲೇ ಮುಗಿಯುವ ಕೆಲಸ. ಆ ಟರ್ಬೋ ತಂದುಕೊಡುವ ಹೆಚ್ಚಿನ ಗಾಳಿಗೆ ತಕ್ಕಂತೆ ಡೀಸೆಲ್ ಅಳೆದು ಕೊಡುವ ಹಾಗೆ ಪಂಪನ್ನು ಹೊಂದಿಸುವುದು ಮಾತ್ರ ಅಂಗಳದಲ್ಲಿ ಆಗುವಂಥದ್ದಲ್ಲ. ಅದಕ್ಕೆ ಪಂಪನ್ನು ತಿರುಗಿಸಿ ಅದು ಕೊಡುವ ಡೀಸೆಲ್ ಅಳೆಯುವ ಟೆಸ್ಟ್ ಬೆಂಚ್ ಬೇಕು, ಆ ಬೆಂಚು ತೋರಿಸುವುದನ್ನು ಓದಬಲ್ಲ ಅನುಭವಿ ಬೇಕು. ಬಳ್ಳಾರಿಯ ಹೊಸಪೇಟೆ ರಸ್ತೆಯ ಕಡೆ, ಲಾರಿ ಗ್ಯಾರೇಜುಗಳ ಸಾಲಿನಲ್ಲಿರುವ ಒಂದು ಡೀಸೆಲ್ ಪಂಪ್ ಲ್ಯಾಬಿನಲ್ಲಿ ನನ್ನ ಎಂಜಿನ್ನಿಗೆ ಎರಡೂ ಸಿಕ್ಕವು. ಲಾರಿ ಮತ್ತು ಟ್ರ್ಯಾಕ್ಟರುಗಳ ಕೆಲಸವೇ ಕೈತುಂಬ ಇರುವ ಕಾರಣ ಅಂಗಡಿಯ ಹೆಸರನ್ನು ಬರೆಯುವುದು ಬೇಡವೆಂದು ಮಾಲೀಕರು ಕೇಳಿಕೊಂಡಿದ್ದಾರೆ, ನಾನು ಅದಕ್ಕೆ ಒಪ್ಪಿದ್ದೇನೆ. ಆದ್ದರಿಂದ ಈ ವಿಮರ್ಶೆಯಲ್ಲಿ ವಿಳಾಸಕ್ಕಿಂತ ಕೆಲಸದ ವಿವರವೇ ಹೆಚ್ಚು. ಓದುಗರು ರಾಯಚೂರು, ಕೊಪ್ಪಳ, ಗಂಗಾವತಿ ಹೀಗೆ ಯಾವ ಊರಿನ ಲ್ಯಾಬಿಗೆ ಹೋದರೂ ಏನನ್ನು ಕೇಳಿ ಪಡೆಯಬೇಕು ಎಂಬುದು ಇದರಿಂದ ತಿಳಿದರೆ ಸಾಕು.

ಎಂಜಿನ್ ಟೊಯೋಟಾ ಕ್ವಾಲಿಸ್‌ನದು. 2000ದಿಂದ 2005ರ ಆರಂಭದವರೆಗೆ ಬಿಡದಿಯ ಕಾರ್ಖಾನೆಯಿಂದ ಹೊರಬಂದ ಆ ಗಾಡಿಯ 2ಎಲ್ ಡೀಸೆಲ್ ಎಂಜಿನ್ 2446 ಸಿಸಿಯದು, ಬೋರ್ (ಸಿಲಿಂಡರಿನ ಅಗಲ) ಮತ್ತು ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಎರಡೂ 92 ಮಿಲಿಮೀಟರ್, ಟರ್ಬೋ ಇಲ್ಲದೆ ಸುಮಾರು 75 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿ. ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಸಿಂಪಡಣೆಯಾಗದೆ, ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಹೆಡ್ಡಿನೊಳಗಿನ ಸಣ್ಣ ಕೋಣೆಯಲ್ಲಿ ಸುಳಿಯುವ ಗಾಳಿಯೊಂದಿಗೆ ಬೆರೆತು ಹೊತ್ತಿಕೊಳ್ಳುವ ಹಳೆಯ ವಿನ್ಯಾಸವಿದು. ಹೀಗಾಗಿ ಇದರ ಕಂಪ್ರೆಷನ್ ಅನುಪಾತ, ಅಂದರೆ ಸಿಲಿಂಡರಿನ ಗಾಳಿ ಎಷ್ಟು ಪಟ್ಟು ಒತ್ತಲ್ಪಡುತ್ತದೆ ಎಂಬುದು, 22ರ ಆಸುಪಾಸಿನಲ್ಲಿದೆ. ಇದೇ ಕುಟುಂಬದ 2ಎಲ್-ಟಿ ಎಂಬ ಟರ್ಬೋ ಎಂಜಿನ್ ಹೊರದೇಶಗಳ ಗಾಡಿಗಳಲ್ಲಿ ಬಂದಿತ್ತು, ಮತ್ತು ಅತಿ ಬಿಸಿಯಾದಾಗ ಹೆಡ್ ಬಿರುಕು ಬಿಡುತ್ತದೆ ಎಂಬ ದೂರು ಅದರ ಮೇಲೆ ಇದ್ದೇ ಇತ್ತು. ಅಂದರೆ ಈ ಎಂಜಿನ್ ಟರ್ಬೋವನ್ನು ತಾಳಿಕೊಳ್ಳುತ್ತದೆ, ಆದರೆ ಬಿಸಿಯನ್ನು ಒಂದು ಮಿತಿಯಾಚೆಗೆ ತಾಳಿಕೊಳ್ಳುವುದಿಲ್ಲ. ಶಕ್ತಿಯನ್ನು ಹೆಚ್ಚಿಸುವ ಪ್ರತಿಯೊಂದು ನಿರ್ಧಾರವನ್ನೂ ಈ ಒಂದು ಸಂಗತಿಯ ಎದುರಿಗಿಟ್ಟು ನೋಡಬೇಕಾಗುತ್ತದೆ.

ನನ್ನ ಗಾಡಿಯ ನೋಂದಣಿಯನ್ನು ರದ್ದು ಮಾಡಿಸಿಯಾಗಿದೆ. ಸಿರುಗುಪ್ಪ ಕಡೆಯ ನಮ್ಮ ಜಮೀನಿನಲ್ಲಿ ಮತ್ತು ಪರಿಚಿತರೊಬ್ಬರ ಕೆಲಸ ನಿಂತ ಕಲ್ಲು ಕ್ವಾರಿಯ ಇಳಿಜಾರಿನಲ್ಲಿ ಮಾತ್ರ ಅದು ಓಡುತ್ತದೆ. ಲ್ಯಾಬಿನವರು ಕೇಳಿದ ಮೊದಲ ಪ್ರಶ್ನೆಯೂ ಇದೇ ಆಗಿತ್ತು ಎಂಬುದನ್ನು ಅವರ ಪರವಾಗಿ ದಾಖಲಿಸಬೇಕು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ನೋಂದಾಯಿತ ವಾಹನವನ್ನು ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ಬದಲಾಯಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಸ್ಪಷ್ಟವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯ ನಂತರ ಮಾಲೀಕನಿಗೆ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಸಜೆ ಇಲ್ಲವೇ ಎರಡೂ ಆಗಬಹುದು. ರಸ್ತೆಯಲ್ಲಿ ಓಡುವ ಗಾಡಿಯ ಪಂಪನ್ನು ಕಂಪನಿಯ ಅಳತೆಗಿಂತ ಮೇಲಕ್ಕೆ ಏರಿಸಿಕೊಡುವುದಿಲ್ಲವೆಂದು ಅವರು ಮೊದಲೇ ಹೇಳಿಬಿಡುತ್ತಾರೆ. ಗಿರಾಕಿ ಬಂದರೆ ಸಾಕೆಂದು ಎಲ್ಲದಕ್ಕೂ ತಲೆಯಾಡಿಸುವ ಜಾಗ ಇದಲ್ಲ ಎಂಬ ನಂಬಿಕೆ ಅಲ್ಲಿಯೇ ಹುಟ್ಟಿತು.

ಇಂಥ ಕಸುಬು ಬಳ್ಳಾರಿಯಲ್ಲಿ ಬೇರೂರಿರುವುದು ಆಶ್ಚರ್ಯವಲ್ಲ. ಸಂಡೂರು, ಹೊಸಪೇಟೆ, ತೋರಣಗಲ್ಲುಗಳ ನಡುವೆ ಅದಿರು ಹೊತ್ತ ಲಾರಿಗಳು ದಶಕಗಳಿಂದ ಓಡುತ್ತಿವೆ. ತುಂಗಭದ್ರಾ ಕಾಲುವೆಯ ಭತ್ತದ ನಾಡಿನಲ್ಲಿ ಟ್ರ್ಯಾಕ್ಟರು, ಕಟಾವು ಯಂತ್ರ, ಪಂಪ್‌ಸೆಟ್ಟುಗಳಿಗೆ ಕೊರತೆಯಿಲ್ಲ. ಬೆಂಗಳೂರಿನಲ್ಲಿ 1951ರಲ್ಲಿ ಆರಂಭವಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಕಂಪನಿಯ ಪಂಪು ಮತ್ತು ಡೀಸೆಲ್ ಸಿಂಪಡಿಸುವ ನಾಜಲ್ಲುಗಳ ಮೇಲೆ ಕೈ ಪಳಗಿಸಿಕೊಂಡ ಒಂದು ತಲೆಮಾರು ಇಲ್ಲಿ ಇನ್ನೂ ಕೆಲಸ ಮಾಡುತ್ತಿದೆ. ಕಂಪ್ಯೂಟರ್ ನಿಯಂತ್ರಿಸುವ ಕಾಮನ್ ರೈಲ್ ಇಂಜೆಕ್ಷನ್ ಬಂದ ಮೇಲೆ ದೊಡ್ಡ ನಗರಗಳಲ್ಲಿ ಈ ಹಳೆಯ ಯಾಂತ್ರಿಕ ಪಂಪುಗಳನ್ನು ಬಿಚ್ಚುವವರು ಕಡಿಮೆಯಾಗುತ್ತಿದ್ದಾರೆ; ಇಲ್ಲಿ ಆ ಕೌಶಲಕ್ಕೆ ಇನ್ನೂ ದಿನನಿತ್ಯದ ದುಡಿಮೆ ಇದೆ, ಅದಕ್ಕೇ ಅದು ಚುರುಕಾಗಿಯೂ ಇದೆ.

ಬೆಂಚಿನ ಬಳಿ ನಿಲ್ಲುವ ಹಿರಿಯ ಮೇಸ್ತ್ರಿಯವರಿಗೆ ನಾನು ಪಂಪನ್ನು ಕೊಟ್ಟು, ಶಕ್ತಿ ಎಷ್ಟು ಬೇಕೆಂದು ವಿವರಿಸತೊಡಗಿದಾಗ ಅವರು ತಡೆದು ಹೇಳಿದ ಮಾತು ಇಡೀ ಕೆಲಸದ ತಿರುಳಾಗಿತ್ತು: “ಗಾಳಿ ಎಷ್ಟು ಬರ್ತೈತಿ ಅಂತ ಮೊದ್ಲು ಹೇಳ್ರಿ ಸರ, ಎಣ್ಣಿ ಎಷ್ಟು ಬಿಡಬೇಕಂತ ಆಮ್ಯಾಲೆ ನಾ ಹೇಳ್ತೀನಿ.” ಡೀಸೆಲ್ ಎಂಜಿನ್ನಿನಲ್ಲಿ ಶಕ್ತಿಯನ್ನು ನಿರ್ಧರಿಸುವುದು ಒಳಹೋಗುವ ಡೀಸೆಲ್ಲಿನ ಪ್ರಮಾಣವೇ ನಿಜ, ಆದರೆ ಅದನ್ನು ಪೂರ್ತಿ ಉರಿಸಲು ಬೇಕಾದಷ್ಟು ಗಾಳಿ ಇಲ್ಲದಿದ್ದರೆ ಹೆಚ್ಚುವರಿ ಡೀಸೆಲ್ ಕರಿ ಹೊಗೆಯಾಗಿ, ಅದಕ್ಕಿಂತ ಅಪಾಯಕರವಾಗಿ ಸೈಲೆನ್ಸರ್ ಕಡೆಯ ಬಿಸಿಯಾಗಿ ಹೊರಬರುತ್ತದೆ. ಲೆಕ್ಕದ ಪ್ರಕಾರ ಒಂದು ಪಾಲು ಡೀಸೆಲ್ಲಿಗೆ ತೂಕದಲ್ಲಿ ಸುಮಾರು 14.5 ಪಾಲು ಗಾಳಿ ಸಾಕು. ಆದರೆ ಬೆರೆಯಲು ಸಿಗುವ ಸಮಯ ಅತ್ಯಲ್ಪವಾದ್ದರಿಂದ, ಹೊಗೆಯಿಲ್ಲದೆ ಉರಿಯಬೇಕಾದರೆ 20 ಪಾಲಿನ ಹತ್ತಿರ ಇಟ್ಟುಕೊಳ್ಳುವುದು ಒಳ್ಳೆಯದು.

ಈ ಲೆಕ್ಕಕ್ಕೆ ಬಳ್ಳಾರಿಯ ಬೇಸಿಗೆಯನ್ನು ಸೇರಿಸಿಕೊಳ್ಳಲೇಬೇಕು. ಊರು ಸಮುದ್ರ ಮಟ್ಟದಿಂದ ಐನೂರು ಮೀಟರಿನಷ್ಟು ಎತ್ತರದಲ್ಲಿದೆ, ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಆ ಹೊತ್ತಿನ ಒಂದು ಘನ ಮೀಟರ್ ಗಾಳಿಯ ತೂಕ 1.06 ಕಿಲೋ ಮಾತ್ರ. ಪುಸ್ತಕಗಳು ಆಧಾರವಾಗಿ ಹಿಡಿಯುವ 15 ಡಿಗ್ರಿಯ ಸಮುದ್ರ ಮಟ್ಟದ ಗಾಳಿಯ ತೂಕ 1.225 ಕಿಲೋ. ಹೊರದೇಶದವರು ಕೊಡುವ ಅಂಕಿಗಳನ್ನು ಹಾಗೆಯೇ ತಂದು ಇಲ್ಲಿಯ ಪಂಪಿಗೆ ಹಾಕಿದರೆ ಶೇಕಡ 13ರಷ್ಟು ಗಾಳಿ ಮೊದಲ ಹೆಜ್ಜೆಯಲ್ಲೇ ಕಡಿಮೆ ಬೀಳುತ್ತದೆ ಎಂದರ್ಥ. ಟರ್ಬೋ 0.7 ಬಾರ್ ಹೆಚ್ಚಿನ ಒತ್ತಡ (ಬೂಸ್ಟ್) ಕೊಟ್ಟಾಗ ಆ 40 ಡಿಗ್ರಿಯ ಗಾಳಿ ಒತ್ತಲ್ಪಟ್ಟು ಸುಮಾರು 120 ಡಿಗ್ರಿಗೆ ಏರುತ್ತದೆ. ಹಾಗೇ ಎಂಜಿನ್ನಿಗೆ ಬಿಟ್ಟರೆ ಗಾಳಿಯ ಲಾಭ ಶೇಕಡ 40ನ್ನೂ ಮುಟ್ಟುವುದಿಲ್ಲ, ಇಂಟರ್‌ಕೂಲರಿನಿಂದ 60 ಡಿಗ್ರಿಗೆ ಇಳಿಸಿ ಬಿಟ್ಟರೆ ಲಾಭ ಶೇಕಡ 60ನ್ನು ದಾಟುತ್ತದೆ. ಬೂಸ್ಟ್ ಗೇಜಿನ ಮುಳ್ಳು ಎರಡೂ ಸಂದರ್ಭದಲ್ಲಿ ಒಂದೇ ಅಂಕಿಯನ್ನು ತೋರಿಸುತ್ತದೆ. ಮೇಸ್ತ್ರಿಯವರು ಈ ಸೂತ್ರಗಳನ್ನು ಕಾಗದದಲ್ಲಿ ಬರೆಯುವವರಲ್ಲ; ಆದರೆ ಇಂಟರ್‌ಕೂಲರ್ ಇದೆಯೇ, ಗಾಳಿ ಒಳಹೋಗುವ ಜಾಗದಲ್ಲಿ ಉಷ್ಣಾಂಶ ಎಷ್ಟು ಎಂದು ಅವರು ವಿಚಾರಿಸಿದ ಕ್ರಮ ನೋಡಿದರೆ ಇದೇ ಲೆಕ್ಕ ಅವರ ಅನುಭವದಲ್ಲಿ ಕುಳಿತಿದೆ ಎಂಬುದು ಗೊತ್ತಾಗುತ್ತದೆ.

ಇನ್ನು ಬೆಂಚಿನ ಕೆಲಸ. ಕ್ವಾಲಿಸ್‌ನ ಪಂಪು ಬಾಷ್ ವಿನ್ಯಾಸದ ವಿಇ ಮಾದರಿಯದು, ಗ್ಯಾರೇಜುಗಳಲ್ಲಿ ರೋಟರಿ ಪಂಪು ಎಂದು ಕರೆಯುವಂಥದ್ದು. ಲಾರಿಗಳ ಹಳೆಯ ಇನ್‌ಲೈನ್ ಪಂಪಿನಲ್ಲಿ ಪ್ರತಿ ಸಿಲಿಂಡರಿಗೂ ಒಂದೊಂದು ಪ್ಲಂಜರ್ (ಡೀಸೆಲ್ ಒತ್ತುವ ಕಡ್ಡಿ) ಇದ್ದರೆ, ರೋಟರಿ ಪಂಪಿನಲ್ಲಿ ಇರುವುದು ಒಂದೇ ಪ್ಲಂಜರ್. ಅದು ತಿರುಗುತ್ತಲೇ ಹಿಂದೆ ಮುಂದೆ ಚಲಿಸಿ ಸರದಿಯಂತೆ ನಾಲ್ಕು ಪೈಪುಗಳಿಗೂ ಡೀಸೆಲ್ ಹಂಚುತ್ತದೆ. ಪ್ಲಂಜರಿನ ಮೇಲೆ ಜಾರುವ ಒಂದು ಕಾಲರ್ ಇಂಜೆಕ್ಷನ್ ಯಾವ ಕ್ಷಣದಲ್ಲಿ ನಿಲ್ಲಬೇಕೆಂದು ನಿರ್ಧರಿಸುತ್ತದೆ, ಮತ್ತು ಆಕ್ಸಿಲರೇಟರ್, ವೇಗವನ್ನು ಮಿತಿಯಲ್ಲಿಡುವ ಗವರ್ನರ್, ಗರಿಷ್ಠ ಡೀಸೆಲ್ ನಿಗದಿಪಡಿಸುವ ಹಿಂಬದಿಯ ಫುಲ್ ಲೋಡ್ ಸ್ಕ್ರೂ ಎಲ್ಲವೂ ಕೊನೆಗೆ ಆ ಒಂದು ಕಾಲರನ್ನೇ ಸರಿಸುತ್ತವೆ. ಫುಲ್ ಲೋಡ್ ಸ್ಕ್ರೂ ತಿರುಗಿಸಿ ಗಾಡಿಗೆ ಪಿಕಪ್ ಬಂತೆಂದು ಕೊಡುವ ರಸ್ತೆಬದಿಯ ಪದ್ಧತಿ ಅಪಾಯಕರವಾಗುವುದು ಇದೇ ಕಾರಣಕ್ಕೆ: ಆ ಸ್ಕ್ರೂ ಒಳಹೋದಷ್ಟೂ ಐಡ್ಲಿಂಗ್ ಏರುತ್ತದೆ, ಗವರ್ನರ್ ಡೀಸೆಲ್ ಕಡಿತಗೊಳಿಸುವ ಗರಿಷ್ಠ ವೇಗವೂ ಮೇಲಕ್ಕೆ ಹೋಗುತ್ತದೆ, ಟರ್ಬೋ ಇನ್ನೂ ಗಾಳಿ ಕೊಡಲು ಆರಂಭಿಸದ ಕೆಳಗಿನ ವೇಗದಲ್ಲೂ ಡೀಸೆಲ್ ಸುರಿಯುತ್ತದೆ. ಒಂದನ್ನು ಮುಟ್ಟಿದರೆ ಮೂರನ್ನು ಮರುಹೊಂದಿಸಬೇಕಾದ ಪಂಪು ಇದು, ಮತ್ತು ಆ ಮರುಹೊಂದಾಣಿಕೆ ಬೆಂಚಿನ ಮೇಲೆ ಮಾತ್ರ ನಿಖರವಾಗಿ ಆಗುತ್ತದೆ.

ಲ್ಯಾಬಿನವರು ಮೊದಲು ಪಂಪನ್ನು ಬಿಚ್ಚದೆ, ಬಂದ ಸ್ಥಿತಿಯಲ್ಲೇ ಬೆಂಚಿಗೆ ಏರಿಸಿದರು. ಈ ಒಂದು ನಡೆಗೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ, ಏಕೆಂದರೆ ಮೊದಲ ಅಳತೆ ಇಲ್ಲದಿದ್ದರೆ ನಂತರದ ಅಳತೆಗೆ ಹೋಲಿಕೆಯೇ ಇರುವುದಿಲ್ಲ. ಎಲೆಕ್ಟ್ರಿಕ್ ಮೋಟಾರು ಪಂಪನ್ನು ಬೇಕಾದ ವೇಗದಲ್ಲಿ ತಿರುಗಿಸುತ್ತದೆ; ಪಂಪಿನ ವೇಗ ಎಂಜಿನ್ ವೇಗದ ಅರ್ಧವಾದ್ದರಿಂದ, ಬೆಂಚಿನಲ್ಲಿ 1000 ಆರ್‌ಪಿಎಂ ಎಂದರೆ ಗಾಡಿಯಲ್ಲಿ 2000. ಡೀಸೆಲ್ಲಿನ ಬದಲು ಗುಣ ಬದಲಾಗದ ಕ್ಯಾಲಿಬ್ರೇಶನ್ ಎಣ್ಣೆ ಬಳಸಿ, ನಿಗದಿತ ಸಂಖ್ಯೆಯ ಸ್ಟ್ರೋಕುಗಳಲ್ಲಿ ಪ್ರತಿ ಪೈಪಿನಿಂದ ಬಂದ ಎಣ್ಣೆಯನ್ನು ಗಾಜಿನ ಕೊಳವೆಗಳಲ್ಲಿ ಹಿಡಿದು ಅಳೆಯುತ್ತಾರೆ. ನನ್ನ ಪಂಪು ಒಂದು ಸ್ಟ್ರೋಕಿಗೆ ಒಂದು, ಎರಡು, ನಾಲ್ಕನೇ ಪೈಪುಗಳಲ್ಲಿ ತಲಾ 36ರ ಆಸುಪಾಸು ಘನ ಮಿಲಿಮೀಟರ್ ಕೊಡುತ್ತಿದ್ದರೆ, ಮೂರನೆಯ ಪೈಪಿನಲ್ಲಿ 33ಕ್ಕೆ ನಿಲ್ಲುತ್ತಿತ್ತು. ಒಂದೇ ಪ್ಲಂಜರ್ ನಾಲ್ಕಕ್ಕೂ ಹಂಚುವಾಗ ಒಂದು ಪೈಪು ಮಾತ್ರ ಕಡಿಮೆ ಕೊಟ್ಟರೆ ತಪ್ಪು ಪ್ಲಂಜರಿನದಲ್ಲ, ಆ ಪೈಪಿನ ಡೆಲಿವರಿ ವಾಲ್ವಿನದು ಎಂದು ಮೇಸ್ತ್ರಿಯವರು ತಕ್ಷಣ ಗುರುತಿಸಿದರು. ಪ್ಲಂಜರ್ ಮತ್ತು ಹೆಡ್ ಸೆಟ್ಟನ್ನೇ ಬದಲಿಸಬೇಕೆಂದು ಹೇಳಿ ದೊಡ್ಡ ಬಿಲ್ ಮಾಡುವ ಅವಕಾಶ ಅವರಿಗೆ ಇತ್ತು; ಅವರು ಬದಲಿಸಿದ್ದು ಡೆಲಿವರಿ ವಾಲ್ವು ಮತ್ತು ಸೀಲುಗಳನ್ನು ಮಾತ್ರ.

ನಂತರದ ಕೆಲಸ ಬೂಸ್ಟ್ ಕಾಂಪೆನ್ಸೇಟರ್. ಟರ್ಬೋ ಇಲ್ಲದ ಗಾಡಿಯ ಪಂಪಿಗೆ ಇದು ಇರುವುದಿಲ್ಲ. ಟರ್ಬೋ ಗಾಡಿಗಳ ರೋಟರಿ ಪಂಪಿನ ತಲೆಯ ಮೇಲೆ ಮಾತ್ರ ಒಂದು ರಬ್ಬರ್ ಡಯಾಫ್ರಾಮ್, ಅದರ ಕೆಳಗೆ ಸ್ಪ್ರಿಂಗ್ ಮತ್ತು ಓರೆಯಾಗಿ ಕೊರೆದ ಪಿನ್ ಇರುತ್ತವೆ. ಟರ್ಬೋ ಒತ್ತಡ ಬಂದಂತೆ ಡಯಾಫ್ರಾಮ್ ಕೆಳಗಿಳಿಯುತ್ತದೆ, ಪಿನ್ನಿನ ಓರೆಯ ಮೇಲೆ ಜಾರುವ ಲಿವರ್ ಕಾಲರನ್ನು ಸರಿಸುತ್ತದೆ, ಗಾಳಿ ಬಂದ ಮೇಲಷ್ಟೇ ಅದರ ಪಾಲಿನ ಡೀಸೆಲ್ ಸಿಗುತ್ತದೆ. ಲ್ಯಾಬಿನವರು ಹೊಂದುವ ಟರ್ಬೋ ಮಾದರಿಯ ಮೇಲ್ಮುಚ್ಚಳವನ್ನು ಅದರ ಲಿವರ್ ಸಮೇತ ಹುಡುಕಿ ತಂದು ಕೂರಿಸಿದರು, ಮತ್ತು ಬೆಂಚಿನ ಮೇಲೆಯೇ ಕಂಪ್ರೆಸರಿನಿಂದ ಅಳೆದ ಗಾಳಿಯನ್ನು ಡಯಾಫ್ರಾಮಿಗೆ ಕೊಟ್ಟು ಒತ್ತಡ ಹೆಚ್ಚಿದಂತೆ ಎಣ್ಣೆ ಹೇಗೆ ಏರುತ್ತದೆ ಎಂಬುದನ್ನು ಹಂತಹಂತವಾಗಿ ನೋಡಿದರು. ಪಿನ್ನನ್ನು ತಿರುಗಿಸಿದರೆ ಏರಿಕೆಯ ಪ್ರಮಾಣ ಬದಲಾಗುತ್ತದೆ; ಸ್ಪ್ರಿಂಗಿನ ಕೆಳಗಿನ ಹಲ್ಲುಚಕ್ರವನ್ನು ತಿರುಗಿಸಿದರೆ ಯಾವ ಒತ್ತಡದಲ್ಲಿ ಏರಿಕೆ ಶುರುವಾಗಬೇಕೆಂಬುದು ಬದಲಾಗುತ್ತದೆ. ಈ ಎರಡರ ನಡುವೆ ಹದ ಹುಡುಕಲು ಅವರು ತೆಗೆದುಕೊಂಡ ಸಮಯವೇ ಇಡೀ ಸೇವೆಯ ಅತ್ಯಂತ ಬೆಲೆಯುಳ್ಳ ಭಾಗವೆಂದು ನನ್ನ ಅಭಿಪ್ರಾಯ. ಕೊನೆಗೆ ನಿಂತ ಅಂಕಿಗಳು: ಒತ್ತಡವಿಲ್ಲದಾಗ 34, 0.7 ಬಾರಿನಲ್ಲಿ 50 ಘನ ಮಿಲಿಮೀಟರ್, ನಾಲ್ಕು ಪೈಪುಗಳ ನಡುವಿನ ವ್ಯತ್ಯಾಸ ಒಂದೂವರೆಯೊಳಗೆ.

ನಾನು 60 ಕೇಳಿದ್ದೆ. ಅವರು ಒಪ್ಪಲಿಲ್ಲ, ಮತ್ತು ಒಪ್ಪದಿರಲು ಕೊಟ್ಟ ಕಾರಣ ಸರಿಯಾಗಿಯೇ ಇತ್ತು. ಇಂಟರ್‌ಕೂಲರ್ ಚೆನ್ನಾಗಿ ಕೆಲಸ ಮಾಡಿದರೂ 0.7 ಬಾರಿನಲ್ಲಿ ಈ ಎಂಜಿನ್ನಿಗೆ ಸಿಗುವ ಗಾಳಿ, ಹೊಗೆಯಿಲ್ಲದ ಉರಿಗೆ 54 ಘನ ಮಿಲಿಮೀಟರಿನ ಆಸುಪಾಸಿಗೆ ಸಾಲುತ್ತದೆಯೇ ಹೊರತು ಅದಕ್ಕಿಂತ ಹೆಚ್ಚಿಗಲ್ಲ. ಬಿಸಿಲು ಏರಿದ ದಿನ ಅಥವಾ ಇಂಟರ್‌ಕೂಲರಿಗೆ ಧೂಳು ಕಟ್ಟಿದ ದಿನ ಅದೂ ಇಲ್ಲ. ಬೂಸ್ಟನ್ನೇ ಹೆಚ್ಚಿಸೋಣವೆಂದರೆ 22ರ ಕಂಪ್ರೆಷನ್ ಇರುವ ಎಂಜಿನ್ನಿನಲ್ಲಿ ಹೆಡ್ ಗ್ಯಾಸ್ಕೆಟ್ಟಿನ ಮೇಲಿನ ಒತ್ತಡ ಬೇಗನೆ ಮಿತಿ ಮೀರುತ್ತದೆ. 50 ಘನ ಮಿಲಿಮೀಟರ್ ಡೀಸೆಲ್, 4000 ಆರ್‌ಪಿಎಂ, ಈ ಮಾದರಿಯ ಎಂಜಿನ್ ಡೀಸೆಲ್ಲಿನ ಶಕ್ತಿಯಲ್ಲಿ ಶೇಕಡ 30ರಷ್ಟನ್ನು ಚಕ್ರಕ್ಕೆ ಕೊಡುತ್ತದೆ ಎಂಬ ಅಂದಾಜು, ಇವುಗಳನ್ನು ಗುಣಿಸಿದರೆ 95 ಪಿಎಸ್ ಬರುತ್ತದೆ. ಕಂಪನಿಯಿಂದ ಬಂದ 75ರ ಎದುರು ಇದು ಶೇಕಡ 25ಕ್ಕೂ ಮಿಕ್ಕಿದ ಏರಿಕೆ, ಮತ್ತು ಹೆಡ್ಡನ್ನು ಪಣಕ್ಕಿಡದೆ ಸಿಕ್ಕ ಏರಿಕೆ. ಇದೇ ಎಂಜಿನ್ನಿನಿಂದ ನೂರೈವತ್ತು ಪಿಎಸ್ ತೆಗೆದುಕೊಡುತ್ತೇವೆ ಎನ್ನುವವರ ಮಾತನ್ನು ನಂಬುವ ಮುನ್ನ, ಅಷ್ಟಕ್ಕೆ ಬೇಕಾದ ಗಾಳಿ ಎಲ್ಲಿಂದ ಬರುತ್ತದೆಂದು ಓದುಗರು ಕೇಳಬೇಕು.

ಇಂಜೆಕ್ಟರುಗಳನ್ನೂ ಒಟ್ಟಿಗೇ ಕೊಡುವುದು ಜಾಣತನ. ಪಂಪು ಸಮನಾಗಿ ಹಂಚಿದರೂ ನಾಜಲ್ಲುಗಳು ಬೇರೆಬೇರೆ ಒತ್ತಡದಲ್ಲಿ ತೆರೆದರೆ ಪ್ರಯೋಜನವಿಲ್ಲ. ಈ ಮಾದರಿಯ ಎಂಜಿನ್ನುಗಳ ನಾಜಲ್ಲುಗಳು ಸಾಮಾನ್ಯವಾಗಿ 100ರಿಂದ 150 ಬಾರಿನ ನಡುವೆ ತೆರೆಯುತ್ತವೆ. ನನ್ನ ನಾಲ್ಕನ್ನೂ ಕೈಪಂಪಿನ ಟೆಸ್ಟರಿನಲ್ಲಿ ನೋಡಿ, ಹನಿಕ್ಕುತ್ತಿದ್ದ ಒಂದಕ್ಕೆ ಹೊಸ ನಾಜಲ್ ಹಾಕಿ, ಉಳಿದವನ್ನು ಶಿಮ್ (ತೆಳು ಬಿಲ್ಲೆ) ಬದಲಿಸಿ ಒಂದೇ ಒತ್ತಡಕ್ಕೆ ತಂದರು. ಹನಿಕ್ಕುವ ನಾಜಲ್ ಟರ್ಬೋ ಎಂಜಿನ್ನಿನಲ್ಲಿ ಪಿಸ್ಟನ್ನಿಗೇ ತೂತು ಬೀಳಿಸಬಲ್ಲದು ಎಂಬುದರಿಂದ ಇದನ್ನು ಉಳಿತಾಯದ ಜಾಗವೆಂದು ಯಾರೂ ಭಾವಿಸಬಾರದು.

ಪಂಪನ್ನು ಗಾಡಿಗೆ ಕೂರಿಸಿ ಟೈಮಿಂಗ್ ಇಡಲು ಲ್ಯಾಬಿನಿಂದ ಒಬ್ಬ ಹುಡುಗ ಡಯಲ್ ಗೇಜ್ ಸಮೇತ ನಮ್ಮಲ್ಲಿಗೇ ಬಂದ. ಈ ಎಂಜಿನ್ನಿನಲ್ಲಿ ಪಂಪು ಟೈಮಿಂಗ್ ಬೆಲ್ಟಿನಿಂದ ತಿರುಗುತ್ತದೆ. ಬೆಲ್ಟಿನ ಗುರುತುಗಳನ್ನು ಹೊಂದಿಸಿದರೆ ಅರ್ಧ ಕೆಲಸವಷ್ಟೇ ಆದಂತೆ. ಪಂಪಿನ ಹಿಂಬದಿಯ ಬೋಲ್ಟ್ ತೆಗೆದು ಅಲ್ಲಿ ಗೇಜನ್ನು ಹಾಕಿ, ಮೊದಲ ಪಿಸ್ಟನ್ ಮೇಲ್ತುದಿಗೆ ಬಂದಾಗ ಪ್ಲಂಜರ್ ಎಷ್ಟು ಸರಿದಿದೆ ಎಂದು ಮಿಲಿಮೀಟರಿನ ನೂರನೇ ಭಾಗದ ನಿಖರತೆಯಲ್ಲಿ ನೋಡಿ, ಪಂಪಿನ ದೇಹವನ್ನು ಒಂದಿಷ್ಟು ಆಚೀಚೆ ತಿರುಗಿಸಿ ಬಿಗಿದಾಗಲೇ ಟೈಮಿಂಗ್ ಸರಿಯಾದಂತೆ. ಮುಂಚಿತವಾಗಿ ಇಟ್ಟರೆ ಎಂಜಿನ್ ಚುರುಕಾದಂತೆ ಅನ್ನಿಸುತ್ತದೆ, ಆದರೆ ಸಿಲಿಂಡರಿನೊಳಗಿನ ಒತ್ತಡ ಏರುತ್ತದೆ. ತಡವಾಗಿ ಇಟ್ಟರೆ ಸದ್ದು ಮೃದುವಾಗುತ್ತದೆ, ಆದರೆ ಹೊರಹೋಗುವ ಗಾಳಿ ಕಾದ ಬೆಂಕಿಯಾಗುತ್ತದೆ. ಆ ಹುಡುಗ ಅವಸರ ಮಾಡದೆ, ಎಂಜಿನ್ನನ್ನು ಎರಡು ಸುತ್ತು ಕೈಯಿಂದ ತಿರುಗಿಸಿ ಮತ್ತೊಮ್ಮೆ ಅಳತೆ ನೋಡಿದ ರೀತಿಯಲ್ಲಿ ಮೇಸ್ತ್ರಿಯವರ ಶಿಸ್ತು ಕಾಣುತ್ತಿತ್ತು.

ಫಲಿತಾಂಶವನ್ನು ಅಳೆಯಲು ನನ್ನ ಬಳಿ ಇದ್ದದ್ದು ಬೂಸ್ಟ್ ಗೇಜು ಮತ್ತು ಟರ್ಬೋಗೆ ಮುಂಚೆ ಹೊಗೆ ಹೊರಹೋಗುವ ಮ್ಯಾನಿಫೋಲ್ಡಿನಲ್ಲಿ ಕೂರಿಸಿದ, ಅಲ್ಲಿಯ ಬಿಸಿ ಅಳೆಯುವ ಕೆ ಮಾದರಿಯ ಥರ್ಮೋಕಪಲ್. ಮನೆಯಲ್ಲಿ ಟರ್ಬೋ ಡೀಸೆಲ್ ಕಟ್ಟುವವರಿಗೆ ಈ ಎರಡನೆಯ ಉಪಕರಣ ಅಲಂಕಾರವಲ್ಲ, ಅದಿಲ್ಲದೆ ಪಂಪಿನ ಯಾವ ಸ್ಕ್ರೂವನ್ನೂ ಮುಟ್ಟಬಾರದು. ದೀರ್ಘಕಾಲದ ಭಾರಕ್ಕೆ 700 ಡಿಗ್ರಿ ಸೆಲ್ಸಿಯಸ್ ಸುರಕ್ಷಿತವೆಂದೂ, 750 ದಾಟಿದರೆ ಕಾಲು ತೆಗೆಯಬೇಕೆಂದೂ ಈ ಕೆಲಸ ಮಾಡುವವರು ಸಾಮಾನ್ಯವಾಗಿ ಹಿಡಿಯುತ್ತಾರೆ. ಕಲ್ಲು ತುಂಬಿದ ಟ್ರೇಲರನ್ನು ಕ್ವಾರಿಯ ಏರಿನಲ್ಲಿ ಎಳೆಸಿದಾಗ, ಇಂಟರ್‌ಕೂಲರ್ ಜೋಡಿಸುವ ಮುನ್ನ ಮುಳ್ಳು 750ರತ್ತ ಓಡುತ್ತಿತ್ತು. ಜೋಡಿಸಿದ ಮೇಲೆ ಅದೇ ಏರಿನಲ್ಲಿ 660ರ ಸುತ್ತ ನಿಂತಿತು. ಹೊಗೆ ಗೇರ್ ಬದಲಿಸುವ ಕ್ಷಣದಲ್ಲಿ ತೆಳುವಾಗಿ ಕಾಣಿಸಿ ಮಾಯವಾಗುತ್ತದೆ. ಮೊದಲು ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಿದ್ದ ಏರನ್ನು ಈಗ ಮೂರನೆಯದರಲ್ಲಿ ಹತ್ತುತ್ತದೆ, ಮತ್ತು ನೀರಿನ ಉಷ್ಣಾಂಶದ ಮುಳ್ಳು ಕದಲುವುದಿಲ್ಲ. ಈ ಸಮಾಧಾನವನ್ನು ನಾನು ಪಿಎಸ್ ಅಂಕಿಗಿಂತ ದೊಡ್ಡದೆಂದು ಎಣಿಸುತ್ತೇನೆ.

ಬಳ್ಳಾರಿಯ ಧೂಳಿನ ಬಗ್ಗೆ ಲ್ಯಾಬಿನವರು ಕೊಟ್ಟ ಸಲಹೆಯನ್ನೂ ಇಲ್ಲಿ ಸೇರಿಸಬೇಕು, ಏಕೆಂದರೆ ಅದಕ್ಕೆ ಅವರು ಹಣ ಕೇಳಲಿಲ್ಲ. ಟರ್ಬೋದ ಗಾಳಿ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತ ಹೆಚ್ಚು ತಿರುಗುತ್ತದೆ. ಅದಿರಿನ ಕೆಂಪು ಧೂಳು ಸೋರಿ ಒಳಗೆ ಬಂದರೆ ಆ ಚಕ್ರದ ಅಂಚುಗಳನ್ನು ಮೊದಲು ತಿನ್ನುತ್ತದೆ, ನಂತರ ಸಿಲಿಂಡರನ್ನು. ನೋಡಲು ಚೆಂದವಿರುವ ತೆರೆದ ಸ್ಪೋರ್ಟ್ಸ್ ಫಿಲ್ಟರನ್ನು ತೆಗೆಸಿ, ಟ್ರ್ಯಾಕ್ಟರಿನ ದೊಡ್ಡ ಕಾಗದದ ಎಲಿಮೆಂಟನ್ನು ಪ್ರಿ-ಕ್ಲೀನರ್ ಸಮೇತ ಹಾಕಲು ಹೇಳಿದರು. ಡೀಸೆಲ್ಲಿಗೆ ನೀರು ಬೇರ್ಪಡಿಸುವ ಫಿಲ್ಟರ್ ಕಡ್ಡಾಯವೆಂದರು. ರೋಟರಿ ಪಂಪಿಗೆ ಬೇರೆ ಎಂಜಿನ್ ಆಯಿಲ್ ಇರುವುದಿಲ್ಲ, ಅದರೊಳಗಿನ ಎಲ್ಲ ಭಾಗಗಳೂ ಡೀಸೆಲ್ಲಿನಿಂದಲೇ ಜಾರುತ್ತವೆ, ಡ್ರಮ್ಮಿನಲ್ಲಿ ತಿಂಗಳುಗಟ್ಟಲೆ ಇಟ್ಟ ಡೀಸೆಲ್ಲಿನ ತಳದ ನೀರು ಅದನ್ನು ಒಂದೇ ದಿನದಲ್ಲಿ ಹಾಳುಮಾಡಬಲ್ಲದು. 2020ರ ಏಪ್ರಿಲ್‌ನಿಂದ ಬರುತ್ತಿರುವ ಬಿಎಸ್6 ಡೀಸೆಲ್ಲಿನಲ್ಲಿ ಗಂಧಕ 10 ಪಿಪಿಎಂಗೆ (ಹತ್ತು ಲಕ್ಷದಲ್ಲಿ 10 ಪಾಲು) ಇಳಿದಿರುವುದರಿಂದ ಹಳೆಯ ಪಂಪುಗಳು ಸವೆಯುತ್ತವೆಂಬ ಭಯ ಹಲವರಲ್ಲಿದೆ. ಮಾನದಂಡವೇ ಜಾರುಗುಣಕ್ಕೂ ಮಿತಿ ಇಟ್ಟಿದೆ, ಶುದ್ಧವಾದ ಡೀಸೆಲ್ ಹಾಕಿದರೆ ಸಾಕು ಎಂಬುದು ಅವರ ನಿಲುವು. ನನಗೂ ಅದು ಸರಿಯೆನಿಸುತ್ತದೆ. ಟರ್ಬೋದ ಸೀಲ್ ಹೋಗಿ ಎಂಜಿನ್ ಆಯಿಲನ್ನೇ ಕುಡಿದು ಎಂಜಿನ್ ಹಿಡಿತ ತಪ್ಪಿ ಓಡತೊಡಗಿದರೆ ಕೀಲಿಕೈ ತಿರುಗಿಸಿದರೂ ಅದು ನಿಲ್ಲುವುದಿಲ್ಲ, ಗಾಳಿಯ ಬಾಯಿ ಮುಚ್ಚಲು ಒಂದು ಲೋಹದ ತಟ್ಟೆ ಕೈಗೆಟುಕುವಲ್ಲಿ ಇರಲಿ ಎಂದದ್ದೂ ಅವರೇ.

ಕೊರತೆಗಳು ಇಲ್ಲದಿಲ್ಲ. ಮೊದಲನೆಯದಾಗಿ, ಕಾಯುವಿಕೆ: ಭತ್ತದ ಕಟಾವಿನ ಸಮಯದಲ್ಲಿ ಯಂತ್ರ ನಿಂತ ರೈತನ ಪಂಪಿಗೇ ಅಲ್ಲಿ ಆದ್ಯತೆ. ಹವ್ಯಾಸಕ್ಕೆ ಎಂಜಿನ್ ಕಟ್ಟುವವನು ಇದನ್ನು ದೂರುವುದು ನ್ಯಾಯವಲ್ಲ, ಆದರೆ ಯಾವಾಗ ಸಿಗುತ್ತದೆಂದು ಖಚಿತವಾಗಿ ತಿಳಿಸುವ ಪದ್ಧತಿಯಾದರೂ ಇರಬೇಕಿತ್ತು. ಪ್ರತಿ ಸಲ ನಾವೇ ಫೋನ್ ಮಾಡಿ ಕೇಳಬೇಕು. ಎರಡನೆಯದು ಇದಕ್ಕಿಂತ ಗಂಭೀರ. ಬೆಂಚಿನ ಅಂಕಿಗಳನ್ನು ಅವರು ಗೋಡೆಗೆ ನೇತುಹಾಕಿದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆಯೇ ಹೊರತು ಗಿರಾಕಿಗೆ ಮುದ್ರಿತ ವರದಿ ಕೊಡುವುದಿಲ್ಲ. ನಾನು ಕೇಳಿದ ಮೇಲೆ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಟ್ಟರು. ಇಷ್ಟು ಒಳ್ಳೆಯ ಕೆಲಸ ಮಾಡುವ ಲ್ಯಾಬಿಗೆ ಅಳತೆಯ ಹಾಳೆಯೇ ಅತ್ಯುತ್ತಮ ಪ್ರಮಾಣಪತ್ರ. ಅದನ್ನು ಕೇಳದೆಯೇ ಕೊಡುವಂತಾಗಬೇಕು. ಮೂರನೆಯದಾಗಿ ಅವರ ಬಳಿ ಚಕ್ರದ ಶಕ್ತಿ ಅಳೆಯುವ ಡೈನೋ ಇಲ್ಲ, ಆದ್ದರಿಂದ ಮೇಲಿನ 95 ಪಿಎಸ್ ನನ್ನ ಲೆಕ್ಕದ ಅಂಕಿಯೆಂದೇ ಓದಬೇಕು. ಕಾಮನ್ ರೈಲ್ ಎಂಜಿನ್ನುಗಳ ಇಂಜೆಕ್ಟರುಗಳನ್ನು ಅವರು ಪರೀಕ್ಷಿಸುತ್ತಾರೆ, ಆದರೆ ಕಂಪ್ಯೂಟರ್ ಮೂಲಕ ಮ್ಯಾಪ್ (ಎಂಜಿನ್ನಿಗೆ ಯಾವಾಗ ಎಷ್ಟು ಡೀಸೆಲ್ ಎಂಬ ಪಟ್ಟಿ) ಬದಲಿಸುವ ಕೆಲಸಕ್ಕೆ ಕೈ ಹಾಕುವುದಿಲ್ಲ. ಸ್ವಿಫ್ಟ್, ಸ್ಕಾರ್ಪಿಯೋ ಮುಂತಾದವುಗಳ ರೀಮ್ಯಾಪ್ ಬಯಸುವವರಿಗೆ ಇದು ಸರಿಯಾದ ಜಾಗವಲ್ಲ.

ದರದ ವಿಷಯದಲ್ಲಿ ನನಗೆ ತಕರಾರಿಲ್ಲ. ಬಿಲ್ಲಿನಲ್ಲಿ ಬಿಡಿಭಾಗ ಮತ್ತು ಕೂಲಿಯನ್ನು ಬೇರೆಬೇರೆಯಾಗಿ ತೋರಿಸಿದ್ದರು, ಬದಲಿಸಿದ ಹಳೆಯ ವಾಲ್ವು ಮತ್ತು ನಾಜಲ್ಲನ್ನು ಚೀಲದಲ್ಲಿ ಹಾಕಿ ಹಿಂದಿರುಗಿಸಿದರು. ಒಟ್ಟು ಮೊತ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಹೋದದ್ದು ಟರ್ಬೋ ಮಾದರಿಯ ಮೇಲ್ಮುಚ್ಚಳಕ್ಕೆ, ಏಕೆಂದರೆ ಒಳ್ಳೆಯ ಸ್ಥಿತಿಯ ಹಳೆಯ ಭಾಗ ಸಿಗುವುದು ಈಗ ಕಷ್ಟ. ಮಾರ್ಪಡಿಸಿದ ಪಂಪಿಗೆ ಗ್ಯಾರಂಟಿ ಇಲ್ಲವೆಂದು ಮೊದಲೇ ಹೇಳಿದ್ದರು. ಆದರೆ ಮೇಲ್ಮುಚ್ಚಳದ ಗ್ಯಾಸ್ಕೆಟ್ಟಿನಲ್ಲಿ ಸಣ್ಣ ಜಿನುಗು ಕಾಣಿಸಿಕೊಂಡಾಗ ಮಾತಿಲ್ಲದೆ ಸರಿಪಡಿಸಿ, ಮತ್ತೆ ಬೆಂಚಿಗೆ ಏರಿಸಿ ಅಂಕಿ ಬದಲಾಗಿಲ್ಲವೆಂದು ತೋರಿಸಿಯೇ ಕಳುಹಿಸಿದರು.

ಇಂಥ ಲ್ಯಾಬಿಗೆ ಹೋಗುವವರು ಪಂಪು ಮತ್ತು ಎಲ್ಲ ಇಂಜೆಕ್ಟರುಗಳನ್ನು ಒಟ್ಟಿಗೆ, ಪೈಪಿನ ಬಾಯಿಗಳಿಗೆ ಮುಚ್ಚಳ ಹಾಕಿ, ಧೂಳು ಸೇರದಂತೆ ಒಯ್ಯಬೇಕು. ಟರ್ಬೋ ಯಾವ ಗಾಡಿಯದು, ಎಷ್ಟು ಬೂಸ್ಟಿಗೆ ಒತ್ತಡವನ್ನು ಮಿತಿಯಲ್ಲಿಡುವ ವೇಸ್ಟ್‌ಗೇಟ್ ತೆರೆಯುತ್ತದೆ, ಇಂಟರ್‌ಕೂಲರ್ ದಾಟಿದ ಮೇಲೆ ಗಾಳಿಯ ಉಷ್ಣಾಂಶ ಎಷ್ಟು ಎಂಬುದನ್ನು ಬರೆದುಕೊಂಡು ಹೋಗಬೇಕು. ಪಂಪು ಬಿಚ್ಚುವ ಮುನ್ನ ಬೆಂಚಿನ ಮೇಲೆ ಒಮ್ಮೆ ಅಳೆಯಲು ಕೇಳಬೇಕು, ಅದನ್ನು ನಿರಾಕರಿಸುವ ಜಾಗದಿಂದ ಪಂಪನ್ನು ಹಿಂದಕ್ಕೆ ತರಬೇಕು. ಕೆಲಸ ಮುಗಿದ ಮೇಲೆ ಬೂಸ್ಟ್ ಇಲ್ಲದ ಮತ್ತು ಬೂಸ್ಟ್ ಇರುವ ಎರಡೂ ಅಳತೆಗಳನ್ನು, ನಾಲ್ಕು ಪೈಪುಗಳಿಗೂ ಪ್ರತ್ಯೇಕವಾಗಿ, ಹಾಳೆಯಲ್ಲಿ ಬರೆಸಿಕೊಂಡೇ ಹಣ ಕೊಡಬೇಕು.